ಬಲಗಣ್ಣಿಗೆ ಮಾಸಿದ ಕೆಂಪು

ಎರಡು ವರ್ಷದ ಹಿಂದಿನ ಕಾಫಿ ಕುಯ್ಲಿನ ಮಾತು. ಮಾದಾಪುರದ ಹತ್ತಿರ ನಮಗೆ ಸಣ್ಣದೊಂದು ತೋಟವಿದೆ. ಕುಯ್ಲಿಗೆ ಮನೆಯವರೇ ಇಳಿಯುತ್ತೇವೆ. ಕೆಂಪಗಾದ ಹಣ್ಣು ಒಂದೂ ಗಿಡದಲ್ಲಿ ಉಳಿಯಬಾರದು, ಉಳಿದರೆ ಹುಳ ಬೀಳುತ್ತದೆ ಎಂಬುದು ನಮ್ಮತ್ತೆಯ ಕಾನೂನು. ನಾನು ಕುಯ್ದ ಸಾಲಿನಲ್ಲಿ ಮತ್ತೊಮ್ಮೆ ನಡೆದು ನೋಡದಿದ್ದರೆ ಅವರಿಗೆ ಸಮಾಧಾನವಿಲ್ಲ.

ಅವತ್ತು ಎಡಗಣ್ಣಿಗೆ ಧೂಳು ಬಿದ್ದು, ಅದನ್ನು ಮುಚ್ಚಿಕೊಂಡೇ ಕುಯ್ಯುತ್ತಿದ್ದೆ. ಅತ್ತೆ ಹಿಂದಿನಿಂದ ಕೊಂಬೆ ಬಗ್ಗಿಸಿ ಕರೆದರು.

"ಹಣ್ಣೆಲ್ಲ ಗಿಡದಲ್ಲೇ ಬಿಟ್ಟಿದೀಯಲ್ಲ, ಯಾರಿಗೆ ಅಂತ?"

ಅದಿನ್ನೂ ಕಾಯಿ ಎಂದು ವಾದಕ್ಕೆ ನಿಂತೆ. ಸುಲಭಕ್ಕೆ ಸೋಲೊಪ್ಪುವವಳಲ್ಲ ನಾನು. ಸರಿಯಾಗಿ ನೋಡೋಣವೆಂದು ಎಡಗಣ್ಣು ತೆರೆದರೆ, ಹಣ್ಣು ಕುಂಕುಮದ ಹಾಗೆ ಕೆಂಪು! ಮುಚ್ಚಿದರೆ ಒಗೆದೊಗೆದು ಮಾಸಿದ ಬಟ್ಟೆಯ ಬಣ್ಣ. ಎರಡು ದಿನದಿಂದ ಬಲಗಣ್ಣು ಹೊರಳಿಸಿದರೆ ನೋಯುತ್ತಿತ್ತು, ಬಿಸಿಲಿಗೆ ಎಂದುಕೊಂಡಿದ್ದೆ.

ಮರುದಿನವೇ ಅತ್ತೆ ನನ್ನನ್ನು ಮೈಸೂರಿನ ಆಸ್ಪತ್ರೆಗೆ ಕರೆದೊಯ್ದರು. ಕಣ್ಣಿನ ಹಿಂದಿನ ನರಕ್ಕೆ ಉರಿಯೂತವಿರಬಹುದು ಎಂದ ಡಾಕ್ಟರಮ್ಮ, ಮುಚ್ಚಿದ ರೆಪ್ಪೆಯ ಮೇಲೆ ತಣ್ಣನೆಯ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಮಾಡಿದರು. ಈ ಸ್ಕ್ಯಾನ್ ಬಸುರಿಯರ ಹೊಟ್ಟೆಗಲ್ಲವೇ ಮಾಡುವುದು ಎಂದು ಅತ್ತೆ ಕೇಳಿಯೇಬಿಟ್ಟರು. ಡಾಕ್ಟರಮ್ಮ ನಕ್ಕು, ಎರಡೂ ಕಣ್ಣಿನ ನರದ ದಪ್ಪವನ್ನು ಪರದೆಯ ಮೇಲೆ ಅಳೆದು ತೋರಿಸಿದರು. ಬಲಗಡೆಯದು ಊದಿಕೊಂಡಿತ್ತು. ಎಂಆರ್‌ಐ ಕೂಡ ಅದನ್ನೇ ಹೇಳಿತು. ದೃಷ್ಟಿ ಹೋಗುತ್ತದೆಯೇ ಎಂದು ಅತ್ತೆಯೇ ಕೇಳಿದರು. ಹೆಚ್ಚಿನವರಿಗೆ ಮರಳುತ್ತದೆ, ಆದರೆ ವಾರಗಟ್ಟಲೆ ಕಾಯಬೇಕು ಎಂದರು ಡಾಕ್ಟರಮ್ಮ.

ಕೆಲವು ದಿನ ಡ್ರಿಪ್ ಹಾಕಿ ಮನೆಗೆ ಕಳಿಸಿದರು. ಉಳಿದ ಕುಯ್ಲಿನಲ್ಲಿ ಅತ್ತೆ ನನ್ನನ್ನು ತೋಟಕ್ಕೇ ಸೇರಿಸಲಿಲ್ಲ. ತಿಂಗಳ ಮೇಲೆ ಮತ್ತೆ ಅಳೆದಾಗ ಊತ ಇಳಿದು, ಎರಡೂ ನರ ಹೆಚ್ಚುಕಡಿಮೆ ಸಮವಾಗಿದ್ದವು. ಅತ್ತೆ ಆ ಪರದೆಗೇ ಕೈಮುಗಿದರು. ಬಣ್ಣ ಪರೀಕ್ಷಿಸಲೆಂದು ಡಾಕ್ಟರಮ್ಮ ತೋರಿಸಿದ ಬಾಟಲಿಯ ಕೆಂಪು ಮುಚ್ಚಳವೂ ಬಲಗಣ್ಣಿಗೆ ಚೆನ್ನಾಗಿಯೇ ಕಂಡಿತು. ಆದರೂ ನನಗೆ ಧೈರ್ಯ ಬರಲಿಲ್ಲ.

ಬಸ್ಸಿಳಿದವರೇ ಅತ್ತೆ ನನ್ನ ಕೈಹಿಡಿದು ತೋಟಕ್ಕೆ ಕರೆದೊಯ್ದರು. ಕುಯ್ಲು ಮುಗಿದು ಗಿಡಗಳೆಲ್ಲ ಬರಿದಾಗಿದ್ದವು. ಬೇಲಿಯ ಪಕ್ಕದ ಒಂದು ಗಿಡದಲ್ಲಿ ಮಾತ್ರ ತುಂಬಾ ಹಣ್ಣು. ಒಂದು ಹಣ್ಣು ಬಿಟ್ಟರೂ ಬೈಯುವವರು ನನ್ನ ಕಣ್ಣಿಗೆಂದು ಇಡೀ ಗಿಡವನ್ನೇ ಬಿಟ್ಟಿದ್ದರು.

"ಎಡಗಣ್ಣು ಮುಚ್ಕೊ. ಈಗ ಹೇಳು, ಕಾಯೋ ಹಣ್ಣೋ?"

"ಹಣ್ಣು, ಅತ್ತೆ. ಕೆಂಪು ಹಣ್ಣು."

ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಮತ್ತೆ ನೋಡ್ತಾ ನಿಂತಿದೀಯಲ್ಲ, ಹೋಗಿ ಬುಟ್ಟಿ ತಗೊಂಡ್ಬಾ" ಎಂದರು. ಅಷ್ಟು ಖುಷಿಯಿಂದ ನಾನು ಯಾವತ್ತೂ ಕಾಫಿ ಕುಯ್ದಿರಲಿಲ್ಲ.

ಈಗಲೂ ಕುಯ್ಲು ಶುರುವಾದಾಗ ಮೊದಲು ಆ ಗಿಡದ ಮುಂದೆ ಎಡಗಣ್ಣು ಮುಚ್ಚಿ ನಿಲ್ಲುತ್ತೇನೆ. ಅತ್ತೆ ನನ್ನ ಸಾಲಿನ ಹಿಂದೆ ಬಂದು ನೋಡುವುದನ್ನೇನೂ ಬಿಟ್ಟಿಲ್ಲ. ಆದರೆ ಈಗ ನನಗೆ ಅದರಿಂದ ಸಿಟ್ಟು ಬರುವುದಿಲ್ಲ.