ಕೆಳಗಿನ ಮನೆಯ ಟಾಯ್ಲೆಟ್ಟಿನಲ್ಲಿ ನಾನು

ಒಂದು ತಿಂಗಳಿಂದ ನನ್ನ ಮುಖ ಕೆಳಗಿನ ಮನೆಯ ಟಾಯ್ಲೆಟ್ಟಿನಲ್ಲಿ ನೇತಾಡುತ್ತಿದೆ. ಕಮೋಡಿನ ಎದುರಿಗೇ. ಫ್ರೇಮ್ ಸಮೇತ.

ನನಗೇನೂ ಬೇಸರವಿಲ್ಲ. ನಿಜ ಹೇಳಬೇಕೆಂದರೆ ಈ ಲಾಕ್‌ಡೌನಿನಲ್ಲಿ ನಾನು ಕುದುರಿಸಿದ ಅತ್ಯುತ್ತಮ ವ್ಯಾಪಾರ ಅದೇ.

ಇವಳಿಗೆ ತಲೆ ಕೆಟ್ಟಿದೆಯಾ ಅನ್ನಬೇಡಿ. ಪೂರ್ತಿ ಕೇಳಿ.

ರಾಟರ್‌ಡ್ಯಾಮಿನ ನಮ್ಮ ಬಿಲ್ಡಿಂಗಿನಲ್ಲಿ ನಮ್ಮದು ಎರಡನೇ ಮಹಡಿ. ಗಂಡ ಸತೀಶನ ವರ್ಕ್ ಪರ್ಮಿಟ್ಟಿನ ಬಾಲ ಹಿಡಿದು ಬಂದವಳು ನಾನು. ಈಗ ನನ್ನ ಸಾರಿನ ಪುಡಿ, ಬಿಸಿಬೇಳೆ ಬಾತ್ ಪುಡಿ ಐಂಡ್‌ಹೋವನ್ ಏನು, ದೇಶದ ಆ ತುದಿಯ ಮಾಸ್ಟ್ರಿಕ್ಟ್‌ವರೆಗೂ ಪಾರ್ಸೆಲ್ ಹೋಗುತ್ತವೆ. ಎಲ್ಲರೂ ಮನೆಯಲ್ಲೇ ಕೂತ ಮೇಲೆ ಆರ್ಡರ್ ಜಾಸ್ತಿ, ಮಿಕ್ಸಿಗೂ ಕೆಲಸ ಜಾಸ್ತಿ. ಬೆಳಿಗ್ಗೆ ಏಳಕ್ಕೇ ಶುರು.

ಕೆಳಗಿನ ಮನೆಯಲ್ಲಿ ಹೆಂಕ್. ರಿಟೈರ್ಡ್ ಟ್ರಾಮ್ ಡ್ರೈವರ್. ಹೆಂಡತಿ ತೀರಿಕೊಂಡಿದ್ದಾರೆ, ಒಂಟಿ ಮನುಷ್ಯ. ಮೇಲೆ ನನ್ನ ಮಿಕ್ಸಿ ಗುರ್ ಅಂದರೆ ಕೆಳಗಿನಿಂದ ಅವರ ಪೊರಕೆಯ ಹಿಡಿ ಸೀಲಿಂಗಿಗೆ ಢಬ್ ಢಬ್. ನಮ್ಮ ನಡುವೆ ಇದ್ದ ಸಂಭಾಷಣೆ ಅಷ್ಟೇ. ಮನೆ ಮಾಲೀಕರಿಗೆ ಅವರದೊಂದು ದೂರು ಆಗಲೇ ಹೋಗಿತ್ತು. ಇನ್ನೊಂದು ಬಂದರೆ ಪುಡಿ ವ್ಯಾಪಾರ ಬಂದ್ ಎಂದು ಮಾಲೀಕರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು.

ಅಷ್ಟರಲ್ಲಿ ಗ್ರೌಂಡ್ ಫ್ಲೋರಿಗೆ ಹರುಕೊ ಬಂದಳು. ಜಪಾನಿನ ಪೇಂಟರ್. ಅಕ್ಕಪಕ್ಕದಲ್ಲಿದ್ದೂ ಮಾತಾಡದವರ ನಡುವೆ ಕ್ಯಾನ್ವಾಸ್ ಇಟ್ಟುಕೊಂಡು ಕೂರುವುದೇ ಅವಳ ಕಲೆಯಂತೆ. ಅವಳ ಊರಿನಲ್ಲೂ ಅದನ್ನೇ ಮಾಡುತ್ತಿದ್ದಳಂತೆ. (ಇದರಿಂದ ಹೊಟ್ಟೆ ತುಂಬುತ್ತದಾ ಎಂದು ಕೇಳಿದೆ. ನಕ್ಕಳು.) ಮ್ಯೂಸಿಯಂಗಳೆಲ್ಲ ಮುಚ್ಚಿದ್ದವು. ಹಾಗಾಗಿ ನಮ್ಮ ಬಿಲ್ಡಿಂಗೇ ಮ್ಯೂಸಿಯಂ ಎಂದು ತೀರ್ಮಾನಿಸಿಬಿಟ್ಟಳು.

ಅವಳ ರೂಲು ಸಿಂಪಲ್. ಮೇಲಿನವರ ಚಿತ್ರ ಕೆಳಗಿನವರ ಗೋಡೆಗೆ, ಕೆಳಗಿನವರದು ಮೇಲಿನವರ ಗೋಡೆಗೆ. ಆಮೇಲೆ ಪ್ರತಿಯೊಬ್ಬರೂ ಹೋಗಿ ತಮ್ಮ ಚಿತ್ರ ನೋಡಿಕೊಂಡು ಬರಬೇಕು, ಮನೆಯವರು ಕಾಫಿ ಕೊಡಬೇಕು. ದಿನಕ್ಕೆ ಒಬ್ಬರೇ ಅತಿಥಿ ಎಂಬ ಸರ್ಕಾರದ ರೂಲಿಗೂ ಇದು ಸರಿಹೋಯಿತು.

ಹೆಂಕ್ ಮನೆಯ ಗೋಡೆಗೆ ನಾನಾ? ಒಂದು ಡಬ್ಬಿ ಸಾರಿನ ಪುಡಿ ಹಿಡಿದು ಇಳಿದುಹೋದೆ.

"ನೋಡಮ್ಮಾ, ನನ್ನನ್ನ ಮೂರನೇ ಮಹಡಿಗೆ ಹಾಕು. ಅವರು ಮೈಸೂರಿನವರು, ಚೆನ್ನಾಗಿ ನೋಡ್ಕೋತಾರೆ."

ಹರುಕೊ ಡಬ್ಬಿ ಮೂಸಿ ನೋಡಿದಳು. "ತುಂಬಾ ಚೆನ್ನಾಗಿದೆ. ಆದ್ರೆ ನೀವು ಹೆಂಕ್ ಮನೆಗೇ."

ಡಬ್ಬಿ ವಾಪಸ್ ಕೊಡಲಿಲ್ಲ, ಗಮನಿಸಿ.

ರೇಷ್ಮೆ ಸೀರೆ ಉಟ್ಟು ಮೆಟ್ಟಿಲ ಮೇಲೆ ಕೂತೆ. ಮಾಸ್ಕ್ ಹಾಕಿಕೊಂಡು ಒಂದೂವರೆ ಮೀಟರ್ ದೂರದಿಂದ ಅವಳು ಬರೆದಳು. ಮುಗಿದ ಮೇಲೆ ನೋಡಿದರೆ ನನ್ನ ತೊಡೆಯ ಮೇಲೆ ಮಗುವಿನ ಹಾಗೆ ಮಿಕ್ಸಿ!

"ಇದ್ಯಾಕೆ? ತೆಗಿ ಇದನ್ನ."

"ಮೇಲಿನಿಂದ ಏನು ಕೇಳಿಸುತ್ತೆ ಅಂತ ಹೆಂಕ್‌ನ ಕೇಳಿದೆ. ಇದನ್ನ ಹೇಳಿದ್ರು."

"ಓಹೋ! ಕೆಳಗಿನಿಂದ ನನಗೇನು ಕೇಳಿಸುತ್ತೆ ಅಂತ ಹೇಳ್ಲಾ?"

"ಹೇಳಿ. ಅದಕ್ಕೇ ಕಾಯ್ತಿದ್ದೆ."

ಮುಂದಿನ ವಾರ ಹೆಂಕ್ ಚಿತ್ರ ನಮ್ಮ ಮನೆಗೆ ಬಂತು. ಪೊರಕೆ ಹಿಡಿದು ಮಹಾರಾಜನ ಹಾಗೆ ನಿಂತಿದ್ದರು.

ಬಾಡಿಗೆ ಮನೆಯ ಗೋಡೆಗೆ ಹೊಸ ಮೊಳೆ ಹೊಡೆಯುವವಳು ನಾನಲ್ಲ. (ನೀವೂ ಹೊಡೆಯಬೇಡಿ. ಬಿಟ್ಟುಹೋಗುವಾಗ ಡೆಪಾಸಿಟ್‌ನಲ್ಲಿ ಹಿಡಿದುಕೊಳ್ಳುತ್ತಾರೆ.) ತೀರಿಕೊಂಡ ನಮ್ಮ ಮಾವನವರ ಫೋಟೋ ಪಕ್ಕ ಒಂದು ಮೊಳೆ ಖಾಲಿ ಇತ್ತು. ಅದಕ್ಕೇ ಹಾಕಿದೆ. ಯುಗಾದಿ ಬಂತು. ಮಾವನವರ ಫೋಟೋಗೆ ಸೇವಂತಿಗೆ ಹಾರ ಹಾಕಿದ ಸತೀಶ, "ಇವರೊಬ್ಬರನ್ನ ಬಿಟ್ರೆ ಚೆನ್ನಾಗಿರಲ್ಲ" ಎಂದು ಹೆಂಕ್‌ಗೂ ಒಂದು ಹಾಕಿದ.

ವಿಡಿಯೋ ಕಾಲಿನಲ್ಲಿ ನಮ್ಮತ್ತೆ ಹೌಹಾರಿದರು. "ಅಯ್ಯೋ, ಕೊರೋನಾನೇನೋ? ಪಾಪ, ಯಾರೋ ಇವ್ರು?"

ಅದೇ ಸಂಜೆ 'ಇವರು' ತಮ್ಮ ಚಿತ್ರ ನೋಡಲು ಬಂದರು. ಮೊದಲು ಮಾವನವರನ್ನು ನೋಡಿದರು.

"ಇವರೂ ಇದೇ ಬಿಲ್ಡಿಂಗಾ?" ನನ್ನ ಹರಕು ಡಚ್ಚಿಗೆ ಅರ್ಥವಾಗಲೆಂದು ನಿಧಾನವಾಗಿ ಕೇಳಿದರು.

"ಇಲ್ಲ, ನನ್ನ ಮಾವ. ತೀರಿಕೊಂಡಿದ್ದಾರೆ."

ಹೆಂಕ್ ಆ ಹಾರ ನೋಡಿದರು. ಆಮೇಲೆ ತಮ್ಮ ಹಾರ ನೋಡಿದರು.

"ನನ್ನ ಡಾಕ್ಟರ್ ನಿಮಗೇನಾದ್ರೂ ಫೋನ್ ಮಾಡಿದ್ರಾ?"

ಸತೀಶ ಕಾಫಿ ಲೋಟ ಹಿಡಿದು ಕಲ್ಲಾದ. ಹೆಂಕ್ ಗಹಗಹಿಸಿ ನಕ್ಕರು. ಎರಡು ಹೋಳಿಗೆ ತಿಂದು, ಮೂರನೆಯದನ್ನು ಟಿಶ್ಯೂನಲ್ಲಿ ಸುತ್ತಿಕೊಂಡು ಇಳಿದುಹೋದರು.

ಮಾರನೆಯ ವಾರ ನನ್ನ ಸರದಿ. ಹಾಲಿನ ಗೋಡೆ ಖಾಲಿ. ಅಡುಗೆಮನೆಯಲ್ಲೂ ಇಲ್ಲ. ಹೆಂಕ್ ಹೆಮ್ಮೆಯಿಂದ ಟಾಯ್ಲೆಟ್ ಬಾಗಿಲು ತೆರೆದು ಲೈಟ್ ಹಾಕಿದರು.

ನನಗೆ ಮೈ ಉರಿದುಹೋಯಿತು. "ಅಲ್ಲ, ನಾನು ನಿಮಗೆ ಹಾರ ಹಾಕಿದ್ರೆ ನೀವು ನನ್ನನ್ನ ಇಲ್ಲಿ ಕೂರಿಸಿದ್ದೀರಾ?"

ಅವರು ಕಂಗಾಲಾಗಿ ಗೋಡೆ ತೋರಿಸಿದರು. ಬರ್ತ್‌ಡೇ ಕ್ಯಾಲೆಂಡರ್. (ಡಚ್ಚರು ಅದನ್ನು ಟಾಯ್ಲೆಟ್ಟಿನಲ್ಲೇ ತೂಗುಹಾಕುತ್ತಾರೆ, ಕೂತಾಗ ಯಾರ ಹುಟ್ಟುಹಬ್ಬವೂ ಮರೆಯದಿರಲಿ ಎಂದು.) ಅದರ ಪಕ್ಕ ಮೊಮ್ಮಕ್ಕಳು. ಸಮುದ್ರದ ದಡದಲ್ಲಿ ನಗುತ್ತಿರುವ ಹೆಂಡತಿ. ಅವರ ಪಕ್ಕದಲ್ಲಿ, ಮಿಕ್ಸಿ ತಬ್ಬಿಕೊಂಡ ನಾನು.

"ಹಾಲಿಗೆ ಯಾರು ಬರ್ತಾರೆ ಈಗ? ನನ್ನ ಜನ ಎಲ್ಲಾ ಇಲ್ಲೇ ಇರೋದು."

ಕೋಪ ಇಳಿಯಿತು. ಆದರೆ ಚೌಕಾಸಿ ಮಾಡದೆ ನಾನು ಯಾವ ಮನೆಯಿಂದಲೂ ಎದ್ದು ಬಂದವಳಲ್ಲ.

"ನನ್ನನ್ನ ಹಾಲಿಗೆ ಹಾಕಿ. ಮಿಕ್ಸಿ ಒಂಬತ್ತರ ಮೇಲೇ ಹಾಕ್ತೀನಿ."

ಹೆಂಕ್ ಬೇಡವೆಂದು ಕೈಯಾಡಿಸಿದರು. "ಚಳಿಗಾಲದಲ್ಲಿ ನೀವೆಲ್ಲಾ ಜ್ವರ ಬಂದು ಮಲಗಿದ್ರಲ್ಲ, ಆ ವಾರ ಮಿಕ್ಸಿ ಇರಲಿಲ್ಲ. ಪೊರಕೆ ಹಿಡ್ಕೊಂಡು ಸುಮ್ಮನೆ ಕೂತಿರ್ತಿದ್ದೆ. ನೀನು ಏಳಕ್ಕೇ ಹಾಕು. ಚಿತ್ರ ಇಲ್ಲೇ ಇರಲಿ."

"ಮಾಲೀಕರಿಗೆ ಹಾಗಂತ ಹೇಳ್ತೀರಾ?"

"ನಾಳೆನೇ."

ತಕ್ಷಣ ಒಪ್ಪಿಕೊಂಡೆ. ಒಳ್ಳೆಯ ರೇಟು ಬಂದಾಗ ಮೀನಾಮೇಷ ಎಣಿಸಬಾರದು. ಈಗಲೂ ಬೆಳಿಗ್ಗೆ ಏಳಕ್ಕೆ ನನ್ನ ಮಿಕ್ಸಿ ಗುರ್ ಅನ್ನುತ್ತದೆ, ಕೆಳಗಿನಿಂದ ಢಬ್ ಢಬ್ ಬರುತ್ತದೆ. ಆಮೇಲೆ ಇಬ್ಬರೂ ನಮ್ಮ ನಮ್ಮ ಕೆಲಸಕ್ಕೆ.

ಅಂದಹಾಗೆ, ನಿಮ್ಮ ಕೆಳಗಿನ ಮನೆಯವರು ನಿಮ್ಮನ್ನು ಎಲ್ಲಿ ತೂಗುಹಾಕಿದ್ದಾರೆ, ಯಾವತ್ತಾದರೂ ಹೋಗಿ ನೋಡಿದ್ದೀರಾ?