ಡಿ ಡ್ರೈವ್‌ಗೆ ಆಯುಧಪೂಜೆ

ಅಜ್ಜಂಪುರದಲ್ಲಿ ದೀಪಶ್ರೀಯ ಮನೆ ಯಾವುದು ಅಂತ ಯಾವ ಹೆಂಗಸನ್ನು ಕೇಳಿದರೂ ತೋರಿಸುತ್ತಾರೆ. ಬ್ಲೌಸಿಗೆ ಕಂಪ್ಯೂಟರ್ ಎಂಬ್ರಾಯ್ಡರಿ ಹಾಕಿಕೊಡುವ ಮನೆ ಅದು. ಡಿಸೈನ್ ಬಿಡಿಸುವ ಸಾಫ್ಟ್‌ವೇರ್ ಹಳೆಯ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ, ಅದಿರುವುದು ಸಿ ಡ್ರೈವ್‌ನಲ್ಲಿ. ಇಷ್ಟು ವರ್ಷ ಅವಳು ಬಿಡಿಸಿದ್ದೆಲ್ಲ ಡಿ ಡ್ರೈವ್‌ನಲ್ಲಿ. ಯಗಟಿಯ ಮದುಮಗಳೊಬ್ಬಳು ನವಿಲೂ ಬೇಡ, ಕಮಲವೂ ಬೇಡ, ನಮ್ಮ ಹೊಲದ ರಾಗಿ ತೆನೆ ಬೇಕು ಎಂದಿದ್ದಳು. ಅಂಥದ್ದು ಎಲ್ಲೂ ಸಿಗಲಿಲ್ಲ. ದೀಪಶ್ರೀ ತಾನೇ ಕೂತು ಕಾಳು ಕಾಳಾಗಿ ಬಿಡಿಸಿ, ಒಂದು ತುಂಡು ಬಟ್ಟೆಯ ಮೇಲೆ ಹಾಕಿಯೂ ನೋಡಿದ್ದಳು. ಹಬ್ಬ ಮುಗಿದ ಕೂಡಲೇ ಬ್ಲೌಸ್ ಕೊಡಬೇಕಿತ್ತು.

ಆಯುಧಪೂಜೆಯ ಬೆಳಿಗ್ಗೆ ಗಂಡ ಪ್ರಸನ್ನಕುಮಾರ್ ಬೈಕ್ ತೊಳೆದ, ಮಿಕ್ಸಿ ಒರೆಸಿದ, ಕುಡುಗೋಲು ಉಜ್ಜಿದ. ಆಮೇಲೆ ಅವನ ಕಣ್ಣು ಕಂಪ್ಯೂಟರ್ ಮೇಲೆ ಬಿತ್ತು.

"ಎಲ್ಲಾ ಕ್ಲೀನ್ ಮಾಡಿದೀನಿ, ಇದೊಂದ್ಯಾಕೆ ಬಿಡ್ಲಿ? ಹೊಸ ವಿಂಡೋಸ್ ಹಾಕ್ಬಿಡ್ತೀನಿ."

"ರೀ, ಹಳೇದು ಇರ್ಲೇಬೇಕು. ಹಾಕೋದಾದ್ರೆ ಅದರ ಜೊತೆಗೆ ಹಾಕಿ. ಆನ್ ಮಾಡಿದಾಗ ಯಾವ್ದು ಬೇಕು ಅಂತ ಕೇಳ್ಬೇಕು."

"ಅಷ್ಟೂ ಗೊತ್ತಿಲ್ವೇನೇ ನಂಗೆ?"

ಗೊತ್ತಿದ್ದರೆ ತಾನೇ! ಡಿಸೈನ್‌ಗಳ ಇನ್ನೊಂದು ಪ್ರತಿಯಿದ್ದ ಅವಳ ಪೆನ್‌ಡ್ರೈವನ್ನೇ ಖಾಲಿ ಮಾಡಿ ಹೊಸ ವಿಂಡೋಸ್ ತುಂಬಿಸಿಕೊಂಡ. ಅವಳು ಅಯ್ಯೋ ಎಂದರೆ, "ಡಿ ಡ್ರೈವಲ್ಲಿ ಇದಾವಲ್ಲೇ" ಎಂದ. ಎಲ್ಲಿ ಹಾಕಲಿ ಎಂದು ಕೇಳುವ ಪರದೆಯ ಮೇಲೆ ಸಿ, ಡಿ ಎಂಬ ಹೆಸರು ಕಾಣಲಿಲ್ಲ, ಬರೀ ನಂಬರ್ ಹಾಕಿದ ಸಾಲುಗಳು. ಜಾಗ ಜಾಸ್ತಿ ಇರಲಿ ಅಂತ ದೊಡ್ಡದನ್ನು ಆರಿಸಿ ಫಾರ್ಮ್ಯಾಟ್ ಒತ್ತಿದ. ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಆಗಬಹುದೇ ಎಂದು ಕಂಪ್ಯೂಟರ್ ಕೇಳಿತು. ಅಷ್ಟರಲ್ಲಿ ಅವನ ತಾಯಿ ಗುರುಶಾಂತಮ್ಮ, "ರಾಹುಕಾಲ ಬತ್ತದೆ, ಮೊದ್ಲು ಪೂಜೆ ಮುಗ್ಸೋ" ಎಂದು ಕೂಗಿದರು. ಅವನು ಹಾಗೇ ಎದ್ದುಹೋದ.

ಅತ್ತೆ ಪರದೆಗೆ ವಿಭೂತಿ ಎಳೆದರು, ಕೀಬೋರ್ಡಿಗೆ ಕುಂಕುಮ ಇಟ್ಟರು, ಚೆಂಡುಹೂವಿನ ಹಾರ ಹಾಕಿದರು. ಮಂಗಳಾರತಿ ಆಗುವಾಗ ದೀಪಶ್ರೀ ವಿಭೂತಿಯ ಸಂದಿಯಿಂದ ಆ ಪ್ರಶ್ನೆ ಓದಿದಳು. ದೊಡ್ಡದು ಅವಳ ಡಿ ಡ್ರೈವ್!

ಕ್ಯಾನ್ಸಲ್ ಒತ್ತಲು ಕೈ ಚಾಚಿದಳು.

"ಏನೇ ಅದು? ಪೂಜೆ ಆದ್ಮೇಲೆ ಮುಟ್ಟಂಗಿಲ್ಲ ಕಣೇ, ನಾಳೆ ತನಕ."

"ಅತ್ತೆ, ಒಂದೇ ಒಂದ್ಸಲ..."

"ನಮ್ಮನೇಲಿ ಆ ಪದ್ಧತಿ ಇಲ್ಲ."

ಗಂಡನಿಗೆ ಹೇಳಿದರೆ ಅವನು ಬೈಕ್ ಮುಂದೆ ಕುಂಬಳಕಾಯಿ ಒಡೆಯುವ ಗಡಿಬಿಡಿಯಲ್ಲಿ, "ಆಯ್ತು, ನಾಳೆ ನೋಡಾಣ" ಎಂದ. ಅವಳಿಗೆ ಮೈಯೆಲ್ಲ ಉರಿಯಿತು. ಪ್ಲಗ್ ಕೀಳೋಣವೆಂದರೆ ಅದಕ್ಕೂ ವಿಭೂತಿ. ಕರೆಂಟಾದರೂ ಹೋಗಬಾರದೇ ಎಂದು ಬೇಡಿಕೊಂಡಳು. ದಿನಾ ಹೋಗುವ ಹಾಳು ಕರೆಂಟು ಅವತ್ತು ಮಾತ್ರ ಹೋಗಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಅವಳು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಗಂಡ ಹಲ್ಲು ಕಿರಿಯುತ್ತಾ ಬಂದ.

"ಒಳ್ಳೇ ಟೈಮಲ್ಲಿ ಶುರುವಾಗ್ಲಿ ಅಂತ ನಾನೇ ಓಕೆ ಒತ್ಬಿಟ್ಟೆ ಕಣೇ! ನೀನು ಹೇಳ್ದಂಗೇ ಎರಡೂ ವಿಂಡೋಸ್ ಇದಾವೆ."

ಕೈಯ ಬೂದಿಯನ್ನೂ ತೊಳೆಯದೆ ಓಡಿದಳು. ಯಾವ ವಿಂಡೋಸ್ ಬೇಕು ಎಂದು ಕಂಪ್ಯೂಟರ್ ವಿನಯದಿಂದ ಕೇಳುತ್ತಿತ್ತು. ಹಳೆಯದನ್ನು ತೆರೆದಳು. ಸಾಫ್ಟ್‌ವೇರ್ ಸರಿಯಾಗೇ ಇತ್ತು. ಡಿ ಡ್ರೈವ್‌ನಲ್ಲಿ ಅವಳದು ಎನ್ನುವ ಒಂದು ಫೈಲೂ ಇರಲಿಲ್ಲ. ತರೀಕೆರೆಯ ರಿಪೇರಿ ಅಂಗಡಿಗೆ ಫೋನ್ ಮಾಡಿದರೆ, "ಅದರ ಮೇಲೇ ಹೊಸದು ಕೂತಿದೆ ಮೇಡಂ, ಸಿಗೋದು ಕಷ್ಟ" ಎಂದರು.

"ನಿನ್ನೇನೇ ಬಡ್ಕೊಂಡ್ನಲ್ರೀ, ಅದು ನನ್ನ ಡಿ ಡ್ರೈವ್ ಅಂತ! ಅತ್ತೆ, ನಿಮ್ಗೂ ಹೇಳಕ್ಕೆ ಬಂದೆ!"

ಗುರುಶಾಂತಮ್ಮ ಬಾಡಿದ ಹಾರ ಬಿಚ್ಚುತ್ತಾ ಸೊಸೆಯ ಮುಖ ನೋಡಿದರು.

"ಅಷ್ಟೆಲ್ಲಾ ಹೋಗ್ತದೆ ಅಂತ ಗೊತ್ತಿದ್ಮೇಲೆ, ನಾನು ಬ್ಯಾಡ ಅಂದ್ರೂ ಮುಟ್ಟಬಾರದಾಗಿತ್ತೇನೇ?"

ದೀಪಶ್ರೀ ರಾಗಿ ತೆನೆಯ ತುಂಡು ಬಟ್ಟೆಯನ್ನು ಪರದೆಯ ಪಕ್ಕಕ್ಕೆ ಅಂಟಿಸಿದಳು. ಕೀಬೋರ್ಡಿನ ಕುಂಕುಮವನ್ನು ಸೆರಗಿನಿಂದ ಒರೆಸಿ, ಮೊದಲ ಕಾಳು ಬಿಡಿಸತೊಡಗಿದಳು.