ನೆಲ ಮುಟ್ಟದ ಕಂಬ

ಕಾಲೇಜಿನ ಚರ್ಚಾ ತಂಡದಲ್ಲಿ ವರ್ಷಗಟ್ಟಲೆ ಕಳೆದವರಿಗೆ ಒಂದು ರೋಗ ಅಂಟುತ್ತದೆ. ಪ್ರಶ್ನೆಪತ್ರಿಕೆಯ ಜೊತೆಗೂ ವಾದಕ್ಕೆ ಇಳಿಯುತ್ತಾರೆ. ಆರ್ಕಿಟೆಕ್ಟ್ ಲೈಸೆನ್ಸ್ ಪರೀಕ್ಷೆಯ ಉಳಿದೆಲ್ಲ ವಿಭಾಗಗಳನ್ನು ದಾಟಿದ್ದ ನಾನು, ಕಟ್ಟಡ ಹೇಗೆ ನಿಲ್ಲುತ್ತದೆ ಎಂಬ ಸ್ಟ್ರಕ್ಚರ್ ವಿಭಾಗದಲ್ಲಿ ಮಾತ್ರ ಎರಡು ಸಲ ಫೇಲಾಗಿದ್ದೆ. ‘ಭಾರ ಸಮನಾಗಿ ಹಂಚಿಹೋಗಿದೆ ಎಂದು ಭಾವಿಸಿ’ ಎಂದು ಪ್ರಶ್ನೆ ಹೇಳುತ್ತಿತ್ತು. ಯಾಕೆ ಭಾವಿಸಬೇಕು ಎಂದು ತಲೆ ಕೇಳುತ್ತಿತ್ತು. ಅಷ್ಟರಲ್ಲಿ ಸಮಯ ಮುಗಿದಿರುತ್ತಿತ್ತು.

ಮೂರನೆಯ ಸಲ ಓದಿದ್ದು ಗಲ್ಫಿನ ಹವಲ್ಲಿಯಲ್ಲಿ, ಮಾವ್ಶಿಯ ಫ್ಲ್ಯಾಟಿನಲ್ಲಿ. ಮಾವ್ಶಿ ಎಂದರೆ ಅಮ್ಮನ ತಂಗಿ, ಆಸ್ಪತ್ರೆಯಲ್ಲಿ ನರ್ಸ್. ಅವಳ ಗಂಡ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಶಿಫ್ಟ್ ಕೆಲಸದವರು, ಮನೆಯಲ್ಲಿ ಕಾಣಸಿಗುವುದೇ ಅಪರೂಪ. ಫ್ಲ್ಯಾಟು ಮೊದಲ ಮಹಡಿಯಲ್ಲಿತ್ತು, ಮೇಲೆ ಇನ್ನೂ ಐದು ಮಹಡಿ. ನನಗೆ ಮೇಜು ಸಿಕ್ಕಿದ್ದು ಅವರ ಆರು ವರ್ಷದ ಮಗಳು ಮಲಗುವ ಕೋಣೆಯಲ್ಲಿ. ಆ ಕೋಣೆಯ ಗೋಡೆಯ ನಡುವಿನಿಂದ ಒಂದು ಕಂಬ ಹೊರಚಾಚಿತ್ತು. ಅದರ ಒಂದು ಬದಿಗೆ ಅವಳ ಮಂಚ, ಇನ್ನೊಂದು ಬದಿಗೆ ನನ್ನ ಪುಸ್ತಕಗಳು.

ಆ ಕಂಬ ಸದ್ದು ಮಾಡುತ್ತಿತ್ತು. ಮಧ್ಯಾಹ್ನ ಅಂಗಡಿಗಳೆಲ್ಲ ಷಟರ್ ಎಳೆದು, ಬಿಸಿಲಿಗೆ ಬೀದಿಯೇ ಖಾಲಿಯಾದಾಗ, ಒಳಗಿನಿಂದ ಯಾರೋ ಬೆರಳ ಗೆಣ್ಣಿನಲ್ಲಿ ತಟ್ಟಿದ ಹಾಗೆ ಒಂದೇ ಒಂದು ಸಲ ಟಕ್ ಎನ್ನುತ್ತಿತ್ತು. ಆಮೇಲೆ ಕೋಣೆಯ ಬಾಗಿಲು ತಾನಾಗಿ ನಿಧಾನಕ್ಕೆ ತೆರೆದುಕೊಳ್ಳುತ್ತಿತ್ತು, ಒಬ್ಬರು ಇಣುಕಿ ನೋಡಲು ಬೇಕಾಗುವಷ್ಟು.

“ಇಟ್ಸ್ ನಾಕಿಂಗ್ ಅಗೇನ್,” ಎಂದು ಹುಡುಗಿ ಬಣ್ಣ ಹಚ್ಚುವುದನ್ನು ನಿಲ್ಲಿಸದೆ ಹೇಳುತ್ತಿದ್ದಳು. ಅವಳಿಗೆ ಹೆದರಿಕೆಯಿರಲಿಲ್ಲ. ಅದೇ ನನಗೆ ಇಷ್ಟವಾಗುತ್ತಿರಲಿಲ್ಲ.

ಮಾವ್ಶಿಗೆ ಪಾದ್ರಿಯನ್ನು ಕರೆಸಿ ಕೋಣೆಗೆ ಆಶೀರ್ವಾದ ಮಾಡಿಸುವ ಆಸೆ. ನಾನು ಬಿಡಲಿಲ್ಲ.

“ಏನೋ ಇದೆ ಅಂತ ಹೇಳುವವರು ಸಾಬೀತು ಮಾಡ್ಬೇಕು ಮಾವ್ಶಿ. ಕಾಂಕ್ರೀಟ್ ಬಿಸಿಗೆ ಹಿಗ್ಗುತ್ತದೆ, ಸದ್ದು ಮಾಡ್ತದೆ. ಅಷ್ಟೇ.”

“ಜನವರಿಯಲ್ಲೂ ಬಡಿದಿತ್ತಲ್ಲ, ಆಗ ಎಂತ ಹಿಗ್ಗಿದ್ದು? ನಿನ್ನ ತಲೆಯಾ?”

ಉತ್ತರವಿಲ್ಲದಾಗ ದನಿ ಎತ್ತರಿಸುವುದು ಚರ್ಚಾ ತಂಡದಲ್ಲಿ ಕಲಿತ ಇನ್ನೊಂದು ಕೆಟ್ಟ ಚಾಳಿ. ಅದನ್ನೇ ಮಾಡಿದೆ.

ಪರೀಕ್ಷೆಗೆ ಎರಡು ವಾರ ಇರುವಾಗ ಭಾರದ ದಾರಿ ಎಂಬ ಅಧ್ಯಾಯಕ್ಕೆ ಬಂದೆ. ಭಾರ ಮಾಯವಾಗುವುದಿಲ್ಲ. ಚಾವಣಿಯಿಂದ ತೊಲೆಗೆ, ತೊಲೆಯಿಂದ ಕಂಬಕ್ಕೆ, ಕಂಬದಿಂದ ನೆಲಕ್ಕೆ ಅದು ಹೋಗಲೇಬೇಕು. ನೀವಿರುವ ಕಟ್ಟಡದಲ್ಲೇ ಒಂದು ಕಂಬವನ್ನು ಬುಡದವರೆಗೆ ಹಿಂಬಾಲಿಸಿ ನೋಡಿ ಎಂಬ ಅಭ್ಯಾಸವಿತ್ತು. ಮೆಟ್ಟಿಲ ಗೋಡೆಯಿಂದ ಆ ಕಂಬಕ್ಕೆ ಎಷ್ಟು ಹೆಜ್ಜೆ ಎಂದು ಎಣಿಸಿಕೊಂಡೆ. ಕೆಳಗಿಳಿದು ನಮ್ಮ ಕೋಣೆಯ ಕೆಳಗೇ ಇದ್ದ ಮೊಬೈಲ್ ಅಂಗಡಿಯಲ್ಲಿ ಅಷ್ಟೇ ಹೆಜ್ಜೆ ಹಾಕಿದೆ. ಕಂಬ ಇರಬೇಕಾದ ಜಾಗದಲ್ಲಿ ಗಾಜಿನ ಶೋಕೇಸ್ ಇತ್ತು.

ಅಂಗಡಿಯವರು ಉಳ್ಳಾಲ ಕಡೆಯ ಬ್ಯಾರಿ, ತಮಾಷೆಯ ಮನುಷ್ಯ. “ಎಂತ ಮಾರಾಯ್ತಿ, ಅಂಗಡಿ ಅಳೆಯುವುದು? ಧಣಿ ಕಫೀಲ್ ಕಳಿಸಿದ್ದಾ?”

“ಇಲ್ಲಿ ಒಂದು ಕಂಬ ಇರ್ಬೇಕಿತ್ತು.”

“ಕವರ್ ಉಂಟು, ಚಾರ್ಜರ್ ಉಂಟು. ಕಂಬ ಸ್ಟಾಕ್ ಇಲ್ಲ.” ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದರು. “ನಾನು ಬಂದಾಗಿನಿಂದ ಇಲ್ಲಿ ಕಂಬ ಇಲ್ಲ. ಅಲ್ಲಾಹನಾಣೆ.”

ಕೆಳಗೆ ಕಂಬವಿಲ್ಲದಿದ್ದರೆ ಮೇಲಿನ ಕಂಬವನ್ನು ಹೊರಲು ದಪ್ಪ ತೊಲೆಯೊಂದು ಇರಲೇಬೇಕು, ಫಾಲ್ಸ್ ಸೀಲಿಂಗ್ ಹಿಂದೆ ಅಡಗಿರುತ್ತದೆ ಎಂದು ನನಗೆ ನಾನೇ ವಾದಿಸಿಕೊಂಡೆ. ಏಣಿ ಕೇಳಿ ಹತ್ತಿ ಒಂದು ಹಲಗೆ ಸರಿಸಿ, ಫೋನಿನ ಬೆಳಕು ಹಿಡಿದೆ.

ತೊಲೆ ಇತ್ತು, ಆದರೆ ಪಕ್ಕದ ತೊಲೆಗಳಷ್ಟೇ ದಪ್ಪ. ಅದರ ಹೊಟ್ಟೆಯಲ್ಲಿ ಒಂದು ಬಿರುಕು. ಬಿರುಕಿಗೆ ಅಡ್ಡಲಾಗಿ ಬೆಂಕಿಪೊಟ್ಟಣದಷ್ಟು ಅಗಲದ ಜಿಪ್ಸಮ್ ಮುದ್ದೆಗಳು ಸಾಲಾಗಿ ಅಂಟಿಕೊಂಡಿದ್ದವು. ಪ್ರತಿಯೊಂದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ, ಅರಬ್ಬೀ ಅಂಕೆಗಳಲ್ಲಿ, ತಾರೀಖು. ನನ್ನ ಪುಸ್ತಕದಲ್ಲಿ ಇದರದೇ ಚಿತ್ರವಿತ್ತು. ಬಿರುಕು ಜೀವಂತವಾಗಿದೆಯೋ ಇಲ್ಲವೋ ತಿಳಿಯಲು ಹೀಗೆ ಹಚ್ಚುತ್ತಾರೆ. ಜಿಪ್ಸಮ್ ಹಿಗ್ಗದು, ಬಾಗದು. ಬಿರುಕು ಕೂದಲೆಳೆಯಷ್ಟು ಬಾಯಿ ತೆರೆದರೂ ಸೀಳುತ್ತದೆ.

ಎಲ್ಲವೂ ನಡುವೆಯೇ ಸೀಳಿದ್ದವು. ಮೊದಲನೆಯದನ್ನು ಬಿಟ್ಟರೆ ಎಲ್ಲ ತಾರೀಖುಗಳದೂ ಒಂದೇ ಕೈಬರಹ. ಮೊದಲನೆಯದಕ್ಕೂ ಎರಡನೆಯದಕ್ಕೂ ಒಂದೂವರೆ ವರ್ಷದ ಅಂತರ. ಆಮೇಲೆ ಎಂಟು ತಿಂಗಳು. ಆಮೇಲೆ ಮೂರು. ಕೊನೆಯದು ಹನ್ನೆರಡು ದಿನದ ಹಿಂದಿನದು. ಮೇಲೆ ಮಗು ಮಂಚದಲ್ಲಿ ಮಲಗಿ ಕೇಳಿಸಿಕೊಳ್ಳುತ್ತಿದ್ದುದನ್ನು ಕೆಳಗೆ ಯಾರೋ ವರ್ಷಗಳಿಂದ ಬರೆದಿಟ್ಟುಕೊಳ್ಳುತ್ತಿದ್ದರು.

“ಅದು ನನ್ನದು,” ಎಂದು ಏಣಿಯ ಬುಡದಿಂದ ದನಿ ಬಂತು.

ಕಟ್ಟಡದ ಹಾರಿಸ್, ಅಂದರೆ ಕಾವಲುಗಾರ, ವಯಸ್ಸಾದ ಈಜಿಪ್ಟಿನವನು. ನಾನು ಬಂದಂದಿನಿಂದ ನೋಡುತ್ತಿದ್ದೆ, ಮೆಟ್ಟಿಲು ತೊಳೆಯುವಾಗ ಗೋಡೆಯನ್ನೂ ಒರೆಸುವಂಥ ಮನುಷ್ಯ. ಅರ್ಧ ಅರಬ್ಬಿ, ಅರ್ಧ ಹಿಂದಿಯಲ್ಲಿ ವಿವರಿಸಿದ. ಹಿಂದೊಮ್ಮೆ ಒಬ್ಬ ಮುಹಂದಿಸ್, ಅಂದರೆ ಎಂಜಿನಿಯರ್, ಬಂದು ಮೊದಲ ಜಿಪ್ಸ್ ಹಚ್ಚಿ, ಒಡೆದರೆ ನನಗೆ ಹೇಳು ಎಂದಿದ್ದನಂತೆ. ಅದು ಒಡೆಯುವ ಮೊದಲೇ ಆತ ದೇಶ ಬಿಟ್ಟಿದ್ದ.

“ಮುಹಂದಿಸ್ ಖಲಾಸ್. ಯಾರಿಗೆ ಹೇಳಲಿ? ಅವನು ಹಚ್ಚಿದ ಹಾಗೇ ನಾನು ಹಚ್ಚಿದೆ. ಒಡೆದಾಗಲೆಲ್ಲ ಹಚ್ಚಿದೆ. ನಾನಿಲ್ಲದಿದ್ದರೆ ಈ ಇಮಾರತ್ ಯಾವತ್ತೋ ಬೀಳುತ್ತಿತ್ತು.” ಕೈಯಲ್ಲಿ ಒಂದು ಬಟ್ಟಲು ಹಿಡಿದಿದ್ದ. ಅದರಲ್ಲಿ ಆಗಷ್ಟೇ ಕಲಸಿದ ಬಿಳಿ ಹಿಟ್ಟು. “ಇಳಿ ಬಿಂತ್, ಯಲ್ಲಾ, ಬೇಗ. ಗಟ್ಟಿಯಾಗಿಬಿಡುತ್ತದೆ.”

ಥರ್ಮಾಮೀಟರನ್ನೇ ಮದ್ದು ಎಂದುಕೊಂಡಿದ್ದ. ನಾನು ಕೆಳಗಿಳಿದು ಅವನಿಗೆ ಏಣಿ ಹಿಡಿದೆ. ಅವನು ಹತ್ತಿ, ಒದ್ದೆ ಬೆರಳಿನಿಂದ, ಗಾಯಕ್ಕೆ ಮುಲಾಮು ಸವರುವ ಹಾಗೆ ಸವರಿದ.

ನಾನು ಇಲ್ಲಿ ಕೆಲಸಕ್ಕಿದ್ದ ಆಫೀಸಿನ ಹಿರಿಯ ಎಂಜಿನಿಯರಿಗೆ ಫೋಟೋ ಕಳಿಸಿದೆ. ಕೂಡಲೇ ಫೋನ್ ಮಾಡಿದರು. “ಮೇಲೆ ಯಾರಾದರೂ ಇದ್ದಾರಾ?” ಇದ್ದಾರೆ ಎಂದೆ. “ಇಡೀ ಕಟ್ಟಡ ಖಾಲಿ ಮಾಡಿಸಲು ಬಲದಿಯಾವೇ ಬೇಕು, ನಾನು ಹೇಳುತ್ತೇನೆ, ಅವರು ನಾಳೆ ಬರಬಹುದು. ನೀನು ಇವತ್ತೇ ಮನೆಯವರನ್ನು ಹೊರಡಿಸು.”

ಬಲದಿಯಾ ಎಂದರೆ ಇಲ್ಲಿನ ಮುನಿಸಿಪಾಲಿಟಿ. ಮಾವ್ಶಿ ಡ್ಯೂಟಿ ಮುಗಿಸಿ ಬಂದು ಚಾ ಕುಡಿಯುತ್ತಿದ್ದಳು. ತೊಲೆ, ತಾರೀಖು, ಅಂತರ, ಎಲ್ಲವನ್ನೂ ಕ್ರಮವಾಗಿ ಅವಳ ಮುಂದಿಟ್ಟೆ. ಅಷ್ಟು ಒಳ್ಳೆಯ ವಾದವನ್ನು ನಾನು ಯಾವ ವೇದಿಕೆಯಲ್ಲೂ ಮಂಡಿಸಿಲ್ಲ.

“ಹವಲ್ಲಿಯಲ್ಲಿ ಬಿರುಕಿಲ್ಲದ ಬಿಲ್ಡಿಂಗ್ ಒಂದು ತೋರಿಸು,” ಎಂದಳು ಮಾವ್ಶಿ. “ಹೌದಾ, ಇದು ನೀನು ಎರಡು ಸಲ ಫೇಲಾದ ಸಬ್ಜೆಕ್ಟ್ ಅಲ್ವಾ?”

ಒಳಗಿನ ಕೋಣೆಯಲ್ಲಿ ಕಂಬ ತಟ್ಟಿತು. ಬಾಗಿಲು ತೆರೆದುಕೊಂಡಿತು, ಈ ಸಲ ಪೂರ್ತಿಯಾಗಿ. ಹುಡುಗಿ ಮಂಚದ ಮೇಲೆ ಗೊಂಬೆ ಹಿಡಿದು ಕೂತಿರುವುದು ಕಾಣಿಸಿತು.

ನನಗೆ ಬೇಕಾದದ್ದು ಇನ್ನೊಂದು ಸಾಕ್ಷ್ಯವಲ್ಲ, ಬಾಗಿಲಾಚೆ ಹೋಗುವ ಮಗು. “ನೀನು ಹೇಳಿದ್ದೇ ಸರಿ ಮಾವ್ಶಿ,” ಎಂದೆ. “ಆ ಕೋಣೆಯಲ್ಲಿ ಏನೋ ಉಂಟು. ನಾನು ಕೆಳಗೆ ನೋಡಿ ಬಂದೆ. ಅದಕ್ಕೆ ಇವಳ ಮಂಚದ ಜಾಗವೇ ಬೇಕು.”

“ದೇವಾ ಸಾಯ್ಬಾ!” ಮಾವ್ಶಿ ಚಾ ಅಲ್ಲೇ ಬಿಟ್ಟು ಎದ್ದಳು. ಕಾಲು ಗಂಟೆಯಲ್ಲಿ ಸೂಟ್‌ಕೇಸು, ಜಪಮಾಲೆ, ಹುಡುಗಿಯ ಶಾಲೆಯ ಚೀಲ ಎಲ್ಲ ಟ್ಯಾಕ್ಸಿಯಲ್ಲಿದ್ದವು. ಹೊರಟಿದ್ದು ಫರ್ವಾನಿಯಾದಲ್ಲಿದ್ದ ಮಾವ್ಶಿಯ ನಾದಿನಿಯ ಮನೆಗೆ. ದಾರಿಯುದ್ದಕ್ಕೂ ಅವಳು ಪ್ರಾರ್ಥನೆ ಹೇಳುತ್ತಿದ್ದಳು. ನಾನು ತುಟಿ ಅಲ್ಲಾಡಿಸುತ್ತಿದ್ದೆ.

ಮರುದಿನ ಬಲದಿಯಾದವರು ಬಂದು ಇಡೀ ಕಟ್ಟಡವನ್ನು ಖಾಲಿ ಮಾಡಿಸಿ, ಶೋಕೇಸ್ ಸರಿಸಿ, ಅದೇ ಜಾಗದಲ್ಲಿ ಕಬ್ಬಿಣದ ಆಸರೆಕಂಬಗಳನ್ನು ನಿಲ್ಲಿಸಿದರೆಂದು ಅಂಗಡಿಯವರು ಫೋನಿನಲ್ಲಿ ಹೇಳಿದರು. ಈ ಸಲ ತಮಾಷೆ ಮಾಡಲಿಲ್ಲ. ಸುದ್ದಿ ಕೇಳಿದ ಮಾವ್ಶಿ, “ನೋಡು, ನಾನು ಮೊದಲೇ ಹೇಳಿದ್ದೆ,” ಎಂದಳು.

ಹುಡುಗಿ ಮಾತ್ರ ಹೊಸ ಮನೆಯ ಗೋಡೆಗಳಿಗೆ ಒಂದೊಂದಾಗಿ ಕಿವಿಯಿಟ್ಟು ನಡೆಯುತ್ತಿದ್ದಳು. ಅಡುಗೆಮನೆಯ ಪಕ್ಕದ ಕಂಬದ ಹತ್ತಿರ ನಿಂತಳು.

“ಡಿಡ್ ಇಟ್ ಕಮ್ ವಿದ್ ಅಸ್?”

“ಇಲ್ಲ. ಅದು ಅಲ್ಲೇ ಉಳಿಯಿತು.”

ಕಿವಿ ತೆಗೆಯದೆಯೇ ಕೇಳಿದಳು, “ಹೌ ಡು ಯು ನೋ?”

ನಾನು ಚಪ್ಪಲಿ ಮೆಟ್ಟಿಕೊಂಡು, ಆ ಕಂಬದ ಬುಡ ಎಲ್ಲಿದೆಯೆಂದು ನೋಡಲು ಮೆಟ್ಟಿಲಿಳಿದೆ.